ಸ್ಕೀ ಬಾರದವರ ಗುರುವಾರ, ಶುಕ್ರವಾರ

ಟೆಹರಾನ್, ಆಬಾನ್ ೧೪

ಅಪ್ಪನಿಗೆ,

ಇದು ನನ್ನ ಅಕ್ಷರವೇ. ಗುರುತು ಸಿಗದಿದ್ದರೆ ನಿಮ್ಮ ತಪ್ಪಲ್ಲ. ಆರು ವರ್ಷಗಳಲ್ಲಿ ನೀವು ನೋಡಿರುವುದು ನೌರೂಜ್ ಹಬ್ಬದ ಕಾರ್ಡಿನ ಮೇಲಿನ ನನ್ನ ಸಹಿ ಮಾತ್ರ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೆಯ ಮಾತಿಗೆ ಕೂಗಾಡುತ್ತೇವೆ, ನಾಲ್ಕನೆಯ ಮಾತಿಗೆ ಯಾರಾದರೊಬ್ಬರು ಇಟ್ಟುಬಿಡುತ್ತೇವೆ. ಕಾಗದವಾದರೆ ನಾನು ಮುಗಿಸುವ ತನಕ ನೀವು ಸುಮ್ಮನಿರಲೇಬೇಕು. ಹರಿದು ಹಾಕಿದರೂ ಪೂರ್ತಿ ಓದಿಯೇ ಹರಿಯುವವರು ನೀವು.

ವಿಷಯಕ್ಕೆ ಬರುತ್ತೇನೆ. ಬಹ್ಮನ್ ತಿಂಗಳಲ್ಲಿ, ಹಿಮ ಗಟ್ಟಿಯಾಗಿ ಕೂತ ಮೇಲೆ, ಒಂದು ಗುರುವಾರ ಮತ್ತು ಶುಕ್ರವಾರಕ್ಕೆ ನಮ್ಮ ವಸತಿಮನೆಯನ್ನು ನನಗೆ ಬಿಟ್ಟುಕೊಡಬೇಕು. ಹನ್ನೊಂದು ಜನ ಬರುತ್ತಾರೆ. ಅವರಲ್ಲಿ ಒಬ್ಬರಿಗೂ ಸ್ಕೀ ಬರುವುದಿಲ್ಲ. ಕಲಿಯುವ ಆಸೆಯೂ ಇಲ್ಲ.

ಅವರೆಲ್ಲ ನಮ್ಮ ಚಿಕಿತ್ಸಾಲಯದಲ್ಲಿ ನನ್ನ ಹತ್ತಿರ ಮತ್ತೆ ನಡೆಯಲು ಕಲಿಯುತ್ತಿರುವವರು. ಯಾರದೋ ಸೊಂಟದ ಕೀಲು ಬದಲಾಗಿದೆ, ಯಾರಿಗೋ ಮೊಣಕಾಲಿನಲ್ಲಿ ಹೊಸ ಚಿಪ್ಪು ಕೂತಿದೆ. ನಾವು ಅಭ್ಯಾಸ ಮಾಡುವ ಕೋಣೆಯ ಕಿಟಕಿಯಿಂದ ಅಲ್ಬೊರ್ಜ್ ಬೆಟ್ಟಸಾಲು ಪೂರ್ತಿ ಕಾಣುತ್ತದೆ. ಮೊನ್ನೆ ಮೊದಲ ಹಿಮ ಬಿದ್ದ ಬೆಳಿಗ್ಗೆ ಬದ್ರಿ ಖಾನುಮ್ ಎರಡೂ ಕೈಯಲ್ಲಿ ಕಂಬಿ ಹಿಡಿದು ನಿಂತವರು ನಡೆಯುವುದನ್ನೇ ಬಿಟ್ಟು ಹೊರಗೆ ನೋಡತೊಡಗಿದರು. ರೇಯ್ ಊರಿನವರು, ಐವತ್ತು ವರ್ಷ ಮದುವೆಮನೆಗಳಿಗೆ ಅಡುಗೆ ಮಾಡಿದವರು, ಈಗ ಎಪ್ಪತ್ತೊಂದು.

"ಹುಟ್ಟಿದಾಗಿಂದ ಇದನ್ನ ದೂರದಿಂದ ನೋಡ್ತಾ ಇದೀನಿ ಕಣೇ," ಅಂದರು. "ಅಂಗಳಕ್ಕೆ ಬಿದ್ದ ಹಿಮ ಗುಡಿಸಿದೀನಿ, ಶಾಪ ಹಾಕಿದೀನಿ. ಆದ್ರೆ ಅದರ ಮನೆಗೆ ಒಂದ್ಸಲಾನೂ ಹೋಗಿಲ್ಲ."

"ಯಾಕೆ ಹೋಗ್ಲಿಲ್ಲ?"

"ಅಲ್ಲಿಗೆ ಸ್ಕೀ ಮಾಡೋರು ಹೋಗ್ತಾರೆ. ನಾನು ಹೋಗಿ ಏನ್ ಮಾಡ್ಲಿ, ಬೆಟ್ಟಕ್ಕೆ ಆಶ್ ಗಂಜಿ ಬೇಯಿಸಿ ಹಾಕ್ಲಾ?"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅವರನ್ನು ಅಲ್ಲಿಗೆ ಕರೆದುಕೊಂಡು ಬರುತ್ತೇನೆಂದು ಆ ಕ್ಷಣವೇ ನಿರ್ಧರಿಸಿದೆ. ಹಿಮದ ಮೇಲೆ ನಡೆಸುತ್ತೇನೆ, ಕೇಬಲ್ಲಿನಲ್ಲಿ ತೂಗಿ ಹೋಗುವ ಡಬ್ಬಿಯಲ್ಲಿ ತುದಿಗೆ ಹತ್ತಿಸುತ್ತೇನೆ, ಚಹಾ ಕುಡಿಸಿ ಇಳಿಸುತ್ತೇನೆ. ಅಷ್ಟೇ. ಉತ್ತರ ಬರೆಯಿರಿ.

ಶೂಕಾ

*

ಸೆಫಿದ್‌ಚೆಶ್ಮೆ, ಆಬಾನ್ ೨೯

ಶೂಕಾ,

ಹರಿಯಲಿಲ್ಲ. ಒಲೆ ಹಚ್ಚಲು ಬೇರೆ ಕಾಗದ ಇದೆ.

ಆಗುವುದಿಲ್ಲ. ನಲವತ್ತಮೂರು ವರ್ಷ ಈ ಬೆಟ್ಟದಲ್ಲಿ ಮಂತ್ರಿಯ ಮಗನಿಂದ ಹಿಡಿದು ಕಟುಕನ ಮಗಳ ತನಕ ಎಲ್ಲರಿಗೂ ಸ್ಕೀ ಕಲಿಸಿದ್ದೇನೆ. ನನ್ನ ಮನೆಯಲ್ಲಿ ಉಳಿದವರು ಬೆಳಿಗ್ಗೆ ಏಳಕ್ಕೆ ಬೂಟು ಬಿಗಿದು ಹೊರಟು ಸಂಜೆ ಹಸಿದು ಬರುತ್ತಿದ್ದರು. ನಿನ್ನ ಹನ್ನೊಂದು ಜನ ಏನು ಮಾಡುತ್ತಾರೆ? ಹಿಮದ ಮೇಲೆ ಜಮಖಾನ ಹಾಸಿ ಕಲ್ಲಂಗಡಿ ಬೀಜ ಬಿಡಿಸುತ್ತಾರೆಯೆ? ಬೆಟ್ಟ ಅಂದರೆ ಚಹಾದಂಗಡಿಯ ಗೋಡೆಗೆ ಅಂಟಿಸಿದ ಚಿತ್ರವಲ್ಲ. ಅದಕ್ಕೆ ಅದರದೇ ಮರ್ಯಾದೆ ಇದೆ. ಅದನ್ನು ಕಾಲಿನಿಂದ ಸಂಪಾದಿಸಿಕೊಳ್ಳಬೇಕು.

ಇನ್ನೊಂದು ಮಾತು. ಮಹಡಿಯ ಕೋಣೆಗಳನ್ನು ಮುಚ್ಚಿದ್ದೇನೆ. ಒಲೆ ಹತ್ತಿರವೆಂದು ನಾನೂ ಈಗ ಕೆಳಗೇ ಮಲಗುತ್ತೇನೆ. ಕಲಿಸುವುದನ್ನೂ ಬಿಟ್ಟಿದ್ದೇನೆ. ಈಗಿನವರಿಗೆ ಹೇಳಿದ್ದು ಕೇಳಿಸುವುದಿಲ್ಲ, ಕಿವಿಯಲ್ಲಿ ಹಾಡು ತುಂಬಿಕೊಂಡೇ ಇಳಿಯುತ್ತಾರೆ.

ನಿನ್ನ ಆರೋಗ್ಯ ಚೆನ್ನಾಗಿರಲಿ.

ನೊಸ್ರತುಲ್ಲಾ

*

ಟೆಹರಾನ್, ಆಜರ್ ೧೧

ಅಪ್ಪ,

ನಿಮ್ಮ ಕಾಗದವನ್ನು ನಮ್ಮ ಅಭ್ಯಾಸದ ಕೋಣೆಯಲ್ಲಿ ಗಟ್ಟಿಯಾಗಿ ಓದಿದೆ. ಕ್ಷಮಿಸಬೇಕು, ಅವರ ವಿಷಯವೇ ಬರೆದಿದ್ದಿರಲ್ಲ. ಕಾಲಿನಿಂದ ಸಂಪಾದಿಸಬೇಕು ಎನ್ನುವಲ್ಲಿಗೆ ಬಂದಾಗ ಸರ್ಕಿಸ್ ಎದ್ದು ನಿಂತರು. ಅವರು ಜುಲ್ಫಾ ಬೀದಿಯ ಗಡಿಯಾರ ರಿಪೇರಿಯ ಅರ್ಮೇನಿಯನ್ ಮುದುಕ, ಬಲಮೊಣಕಾಲು ಹೊಸದು. "ಉಸ್ತಾದರಿಗೆ ಬರಿ ಮಗಳೇ, ನಾಲ್ಕು ತಿಂಗಳಿಂದ ದಿನಾ ಇಪ್ಪತ್ತು ಹೆಜ್ಜೆ ಸಂಪಾದಿಸ್ತಾ ಇದೀನಿ. ಅವರ ಬೆಟ್ಟದವರು ಒಂದು ದಿನಕ್ಕೆ ಎಷ್ಟು ಸಂಪಾದಿಸ್ತಾರಂತೆ?" ಅಂದರು.

ಈಗ ನನ್ನ ಮಾತು. ನೀವು ಕೇಳದಿದ್ದರೂ ಬರೆಯುತ್ತೇನೆ.

ಅಮ್ಮನೂ ಸ್ಕೀ ಬಾರದವಳೇ. ರಷ್ತ್‌ನ ಮಳೆಯಲ್ಲಿ, ಬತ್ತದ ಗದ್ದೆಯ ಬದುವಿನಲ್ಲಿ ಬೆಳೆದವಳು. ಇಪ್ಪತ್ತಾರು ಚಳಿಗಾಲ ಆ ಅಡುಗೆಮನೆಯಲ್ಲಿ ನಿಮ್ಮ ಶಿಷ್ಯರ ಒದ್ದೆ ಕಾಲುಚೀಲ ಒಣಗಿಸಿದಳು. ಕಿಟಕಿಯಿಂದ ಡಬ್ಬಿಗಳು ಮೇಲೆ ಹೋಗುವುದನ್ನು ನೋಡುತ್ತಾ ಬೆಳ್ಳುಳ್ಳಿ ಸುಲಿದಳು. ವರ್ಷಕ್ಕೊಮ್ಮೆ ಕೇಳುತ್ತಿದ್ದಳು, ನೀವು ವರ್ಷಕ್ಕೊಮ್ಮೆ ಅದನ್ನೇ ಹೇಳುತ್ತಿದ್ದಿರಿ: "ಬರೋ ಚಳಿಗಾಲಕ್ಕೆ ಕರ್ಕೊಂಡ್ ಹೋಗ್ತೀನಿ ಫರ್ಖುಂದೆ. ಅಷ್ಟರಲ್ಲಿ ಸ್ವಲ್ಪ ನಿಂತ್ಕೊಳ್ಳೋದಾದ್ರೂ ಕಲಿ. ತುದಿ ಅಂದ್ರೆ ಪಿಕ್ನಿಕ್ ಜಾಗ ಅಲ್ಲ." ಅವಳು ತೀರಿಹೋದ ನಲವತ್ತನೆಯ ದಿನ ನಾನು ಇದನ್ನೇ ನಿಮ್ಮ ಮುಖಕ್ಕೆ ಹೇಳಿದೆ. ನೀವು ಬಾಗಿಲು ತೋರಿಸಿದಿರಿ. ನಾನು ಹೋದೆ. ಇಬ್ಬರೂ ಹಠದಲ್ಲಿ ಒಬ್ಬರಿಗೊಬ್ಬರು ಕಡಿಮೆಯಿಲ್ಲ.

ಮನೆ ಕೊಡದಿದ್ದರೆ ಬೇಡ. ರಸ್ತೆಯ ಆಚೆಯ ವಸತಿಮನೆಯಲ್ಲಿ ಕೋಣೆ ಕೇಳುತ್ತೇನೆ. ಗುರುವಾರ ಬೆಳಿಗ್ಗೆ ಹನ್ನೊಂದು ಜನ ನಿಮ್ಮ ಕಿಟಕಿಯ ಮುಂದೆಯೇ ಕೋಲು ಊರಿಕೊಂಡು ನಡೆಯುತ್ತೇವೆ. ಪರದೆ ಎಳೆದುಕೊಳ್ಳಿ.

ಶೂಕಾ

*

ಸೆಫಿದ್‌ಚೆಶ್ಮೆ, ದೇಯ್ ೩

ಶೂಕಾ,

ಆಚೆಯವನ ಮನೆಯಲ್ಲಿ ಚಳಿಗೆ ನೀರಿನ ಕೊಳವೆ ಹೆಪ್ಪುಗಟ್ಟುತ್ತದೆ. ವಯಸ್ಸಾದವರನ್ನು ಅಲ್ಲಿ ಇಳಿಸಬೇಡ. ಇಲ್ಲಿಗೇ ಬನ್ನಿ. ಗಂಡಸರು ಕೆಳಗೆ, ಹೆಂಗಸರು ಮೇಲೆ. ಊಟಕ್ಕೆ ಹಳ್ಳಿಯಿಂದ ಒಬ್ಬಳನ್ನು ಗೊತ್ತುಮಾಡುತ್ತೇನೆ. ಕೊರ್ಸಿಯ ಮೇಜು ಹಾಕಿ, ಮೇಲೆ ದೊಡ್ಡ ರಜಾಯಿ ಹೊದಿಸಿ, ಕೆಳಗೆ ಕೆಂಡ ಇಡಿಸುತ್ತೇನೆ. ಸುತ್ತ ಕೂತು ಕಾಲು ಬೆಚ್ಚಗೆ ಮಾಡಿಕೊಳ್ಳಲಿ.

ತುದಿಗೆ ಮಾತ್ರ ಬೇಡ. ಕೆಳಗೇ ಬೇಕಾದಷ್ಟು ಹಿಮ ಇದೆ.

ನಿನ್ನ ಅಮ್ಮನ ವಿಷಯ ಬರೆದದ್ದಕ್ಕೆ ಉತ್ತರ ಬರೆಯಲು ಕೂತೆ. ಎರಡು ಸಲ ಕೂತೆ. ಯಾಲ್ದಾ ಹಬ್ಬಕ್ಕೆ ತಂದ ದಾಳಿಂಬೆ ಒಬ್ಬನಿಗೇ ಮುಗಿಯಲಿಲ್ಲ, ಇನ್ನೂ ಇದೆ.

ನೊಸ್ರತುಲ್ಲಾ

*

ಟೆಹರಾನ್, ದೇಯ್ ೨೧

ಅಪ್ಪ,

ಬಹ್ಮನ್ ೧೫, ಗುರುವಾರ, ಹತ್ತು ಗಂಟೆಗೆ ನಮ್ಮ ಮಿನಿಬಸ್ ಬರುತ್ತದೆ. ಊಟಕ್ಕೆ ಯಾರನ್ನೂ ಗೊತ್ತುಮಾಡಬೇಡಿ. ಬದ್ರಿ ಖಾನುಮ್ ತಮ್ಮ ದೊಡ್ಡ ಪಾತ್ರೆ ತರುತ್ತಾರಂತೆ. ಬೇಡವೆಂದರೆ ಬರುವುದೇ ಇಲ್ಲವಂತೆ.

ತುದಿಗೆ ಹೋಗಿಯೇ ಹೋಗುತ್ತೇವೆ. ಕೇಬಲ್ ನೋಡಿಕೊಳ್ಳುವ ಯದುಲ್ಲಾ ಚಿಕ್ಕಪ್ಪನಿಗೆ ಬೇರೆ ಕಾಗದ ಬರೆದಿದ್ದೇನೆ. ಡಬ್ಬಿಗಳನ್ನು ನಿಧಾನ ಮಾಡಿ ಒಬ್ಬೊಬ್ಬರನ್ನೇ ಹತ್ತಿಸುತ್ತೇನೆ ಎಂದು ಒಪ್ಪಿದ್ದಾರೆ. ಅವರು "ಸಂತೋಷದಿಂದ" ಎಂಬ ಮಾತು ಬರೆದಿದ್ದಾರೆ. ನಿಮ್ಮ ಯಾವ ಕಾಗದದಲ್ಲೂ ಅದು ಕಾಣಲಿಲ್ಲ.

ಒಂದು ಸಣ್ಣ ವಿಚಾರ. ಮಹಡಿಗೆ ಮೆಟ್ಟಿಲು ಎಷ್ಟು? ಹದಿನಾಲ್ಕು ಎಂದು ನೆನಪು. ಹೆಂಗಸರು ಹತ್ತಬೇಕಲ್ಲ, ನನಗೆ ನಿಖರವಾಗಿ ಬೇಕು. ಹತ್ತಿ ಎಣಿಸಿ ಬರೆಯಿರಿ.

ಶೂಕಾ

*

ಸೆಫಿದ್‌ಚೆಶ್ಮೆ, ಬಹ್ಮನ್ ೧

ಹದಿನಾಲ್ಕೇ. ಎಣಿಸಲು ಹತ್ತಬೇಕಿಲ್ಲ. ಮನೆ ಕಟ್ಟಿದವನು ನಾನು.

ದಾರಿಯಲ್ಲಿ ಸುರಂಗದ ಹತ್ತಿರ ಹಿಮ ಕುಸಿಯುವ ಭಯವಿದೆ, ಡ್ರೈವರನಿಗೆ ಹಾರ್ನ್ ಹೊಡೆಯಬೇಡ ಎಂದು ಹೇಳು.

ನೊ.

*

ಟೆಹರಾನ್, ಬಹ್ಮನ್ ೨೨

ಅಪ್ಪ,

ಮಿನಿಬಸ್ಸು ಹೊರಡುವಾಗ ನೀವು ಕೈ ಬೀಸಿದಿರಿ. ನಾನೂ ಬೀಸಿದೆ. ಹನ್ನೊಂದು ಜನ ಸುತ್ತ ಇದ್ದರು, ಎಲ್ಲರೂ ನಿಮ್ಮ ಹಣೆಗೆ ಮುತ್ತಿಡುತ್ತಿದ್ದರು. ಹೇಳಬೇಕಾದದ್ದನ್ನು ಹೇಳದೆ ಬಸ್ಸು ಹತ್ತಿದ್ದೆ. ಒಂದು ವಾರದಿಂದ ಅದನ್ನು ಹೊತ್ತು ತಿರುಗುತ್ತಿದ್ದೇನೆ. ಇಂದು ಇಳಿಸಲೇಬೇಕು.

ಬದ್ರಿ ಖಾನುಮ್ ಚೆನ್ನಾಗಿದ್ದಾರೆ. ಮೊದಲು ಅದನ್ನು ಬರೆಯಬೇಕಿತ್ತು. ಎದೆಯ ಪರೀಕ್ಷೆ ಆಯಿತು. ಎತ್ತರ ಆಗಿಬರಲಿಲ್ಲ, ಬೇರೇನೂ ಇಲ್ಲ ಎಂದರು ಡಾಕ್ಟರು. ಈಗ ರೇಯ್ ಊರಿನ ಅರ್ಧ ಜನಕ್ಕೆ ತಮ್ಮ ಕಥೆ ಹೇಳಿ ಮುಗಿಸಿದ್ದಾರೆ. ಪ್ರತಿ ಸಲ ಹೇಳುವಾಗಲೂ ಬೆಟ್ಟ ಇನ್ನಷ್ಟು ಎತ್ತರವಾಗುತ್ತಿದೆ.

ಗುರುವಾರದಿಂದ ಶುರುಮಾಡುತ್ತೇನೆ. ಎಲ್ಲರೂ ನಿಮ್ಮ ಮನೆಯ ಹಿಂದಿನ ಬಯಲಲ್ಲಿ ನಡೆದರು. ನೀವು ಬಾಗಿಲಲ್ಲಿ ಕೈಕಟ್ಟಿ ನಿಂತು ನೋಡಿದಿರಿ. ಸರ್ಕಿಸ್ ಬಿದ್ದು, ಬಿದ್ದಲ್ಲೇ ಮಲಗಿ, "ಎಲ್ರೂ ನೋಡ್ರಪ್ಪ, ಇದನ್ನ ಮಾಡಕ್ಕೆ ಬೇರೆಯವರು ಟಿಕೆಟ್ ತಗೊಂಡು ಮೇಲೆ ಹೋಗ್ತಾರೆ!" ಎಂದು ಕೂಗಿದಾಗ ನಿಮ್ಮ ಮೀಸೆ ಅಲುಗಿತು. ನಾನು ನೋಡಿದೆ. ಸಂಜೆ ಕೊರ್ಸಿಯ ಸುತ್ತ ಎಲ್ಲರೂ ಕಾಲು ಚಾಚಿ ಕೂತಾಗ ಬದ್ರಿ ಖಾನುಮ್ ನಿಮ್ಮನ್ನು ಕೆಣಕಿದರು.

"ಉಸ್ತಾದ್, ನಾಳೆ ನೀವೂ ನಮ್ಮ ಜೊತೆ ತುದಿಗೆ ಬರ್ತೀರೋ ಇಲ್ವೋ?"

"ಕೋಲು ಹಿಡ್ದೋರ ಜೊತೆ ನಾನು ಡಬ್ಬೀಲಿ ಕೂತು ಹೋಗೋದಾ? ಊರೋರು ನಗ್ತಾರೆ."

"ನಗ್ಲಿ ಬಿಡಿ. ನಗೋರ ಹಲ್ಲಿಗೂ ಸ್ವಲ್ಪ ಚಳಿ ತಾಗ್ಲಿ."

ನೀವು ಎದ್ದು ಇನ್ನಷ್ಟು ರಜಾಯಿ ತರುತ್ತೇನೆಂದು ಮಹಡಿಗೆ ಹೋದಿರಿ. ನಾನು ಅಡುಗೆಮನೆಯಲ್ಲಿದ್ದೆ, ದೀಪ ಹಾಕಿರಲಿಲ್ಲ. ನೀವು ಇಳಿದು ಬರುವುದನ್ನು ನೋಡಿದೆ. ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಇಟ್ಟು, ಕಟಕಟೆಯನ್ನು ಮೊಣಕೈಯಲ್ಲಿ ಅಪ್ಪಿಕೊಂಡು. ಏಳನೆಯ ಮೆಟ್ಟಿಲಿನಲ್ಲಿ ನಿಂತು ಕಣ್ಣು ಮುಚ್ಚಿದಿರಿ. ನನ್ನ ಕೆಲಸವೇ ಅದು, ಅಪ್ಪ. ಎಡ ಸೊಂಟ. ಬಹಳ ದಿನದ್ದು. ಸ್ಕೀ ಹಾಕಿ ಎರಡು ಚಳಿಗಾಲವಾದರೂ ಆಗಿರಬೇಕು ಎಂದು ಆಗಲೇ ಲೆಕ್ಕ ಹಾಕಿದೆ.

ಅಂದರೆ ನನಗೆ ಗೊತ್ತಿತ್ತು. ಇದನ್ನು ನೆನಪಿಟ್ಟುಕೊಂಡು ಮುಂದಕ್ಕೆ ಓದಿ.

ಶುಕ್ರವಾರ ಬೆಳಿಗ್ಗೆ ಬಿಸಿಲು ಎಷ್ಟು ಚೆನ್ನಾಗಿತ್ತು! ಕೊನೆಯ ಡಬ್ಬಿ ಹೊರಡುವಾಗ ನೀವು ಬಂದಿರಿ. ಬೂಟು ಬಿಗಿದು, ಹೆಗಲ ಮೇಲೆ ಸ್ಕೀ ಹೊತ್ತು, ಹಳೆಯ ಕೆಂಪು ಟೋಪಿ ಹಾಕಿಕೊಂಡು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ.

ತುದಿಯಲ್ಲಿ ಎರಡು ಗಂಟೆ ಇದ್ದೆವು. ಹನ್ನೆರಡರ ಹೊತ್ತಿಗೆ ಮೋಡ ಕವಿಯಿತು. ಸ್ಕೀ ಮಾಡುವವರು ಸರಸರ ಇಳಿದು ಹೋದರು. ನಾವು ಡಬ್ಬಿಗೆ ಸಾಲು ನಿಲ್ಲುವಷ್ಟರಲ್ಲಿ ಗಾಳಿ ಎದ್ದು, ಕರೆಂಟು ಹೋಗಿ, ಕೇಬಲ್ ನಿಂತಿತು. ಚಹಾದ ಕೋಣೆಯಲ್ಲಿ ಒಲೆ ಇತ್ತು, ಸೌದೆ ಇತ್ತು, ಯಾರಿಗೂ ಭಯವಿರಲಿಲ್ಲ. ಆಮೇಲೆ ಬದ್ರಿ ಖಾನುಮ್ ಮಾತು ನಿಲ್ಲಿಸಿದರು. ಅವರು ಮಾತು ನಿಲ್ಲಿಸಿದ್ದಕ್ಕೇ ನಾನು ತಿರುಗಿ ನೋಡಿದ್ದು. ತುಟಿ ನೀಲಿಯಾಗಿತ್ತು. ಒಂದೊಂದು ಉಸಿರನ್ನೂ ಬಾವಿಯಿಂದ ಸೇದುವ ಹಾಗೆ ಸೇದುತ್ತಿದ್ದರು. ಇದಕ್ಕೆ ಔಷಧಿ ಒಂದೇ, ಕೆಳಗೆ ಇಳಿಸುವುದು.

ಯದುಲ್ಲಾ ಚಿಕ್ಕಪ್ಪ ರೇಡಿಯೋದಲ್ಲಿ ಕೆಳಗಿನವರ ಜೊತೆ ಮಾತಾಡಿದರು. ಹಿಮ ತುಳಿಯುವ ಯಂತ್ರ ಕುರುಬರ ಕಲ್ಲುಮನೆಯ ತನಕ ಬರಬಲ್ಲದು, ಅಲ್ಲಿಂದ ಮೇಲೆ ಈ ಮಂಜಿನಲ್ಲಿ ಬಂದರೆ ಪ್ರಪಾತಕ್ಕೆ ಹೋಗುತ್ತದೆ ಎಂದರಂತೆ. ಯಾರಾದರೂ ದಾರಿ ತೋರಿಸಿದರೆ ಜನ ಆಮ್ಲಜನಕ ಹೊತ್ತು ನಡೆದು ಬರುತ್ತಾರಂತೆ.

ಆಗ ನಾನು ಎಲ್ಲರ ಮುಂದೆ, ಗಟ್ಟಿಯಾಗಿ ಹೇಳಿದೆ: "ಅಪ್ಪಾ, ನೀವು ಸ್ಕೀ ಹಾಕ್ಕೊಂಡು ಇಳೀರಿ. ನಿಮಗೆ ಹತ್ತು ನಿಮಿಷದ ದಾರಿ. ಹೋಗಿ ಅವರನ್ನ ಕರ್ಕೊಂಡ್ ಬನ್ನಿ."

ಗೊತ್ತಿದ್ದೂ ಹೇಳಿದೆ. ಆ ಮುದುಕಿ ಉಸಿರಿಗೆ ಒದ್ದಾಡುತ್ತಿದ್ದ ಹೊತ್ತಿನಲ್ಲಿ, ನನ್ನ ಒಳಗಿನ ಯಾವುದೋ ಒಂದು ಮೂಲೆಗೆ ನಿಮ್ಮನ್ನು ಇಪ್ಪತ್ತಾರು ವರ್ಷದ ಲೆಕ್ಕ ಕೇಳಬೇಕಿತ್ತು. ಸ್ಕೀ ಬಾರದವರಿಗೆ ತುದಿ ಇಲ್ಲ ಎಂದವರು ನೀವಲ್ಲವೆ, ಈಗ ಹೇಳಿ ಎಂದು. ಅಪ್ಪ, ನಾನು ಜನರ ಕಾಲು ನೋಡಿ ಅನ್ನ ತಿನ್ನುವವಳು. ಕುಂಟುವವರನ್ನು ಎಲ್ಲರೆದುರು ನಿಲ್ಲಿಸಿ ಓಡು ಎಂದು ಹೇಳಿದವಳೂ ಈಗ ನಾನೇ.

ನೀವು ಬಗ್ಗಿ ಸ್ಕೀ ಜೋಡಿಸಿದಿರಿ. ಒಂದು ಬೂಟು ಸಿಕ್ಕಿಸಿದಿರಿ. ಎಡಗಾಲನ್ನು ಎತ್ತಲು ಹೋದಿರಿ. ಅದು ಏಳಲಿಲ್ಲ. ಕೈಯಿಂದ ತೊಡೆ ಹಿಡಿದು ಎತ್ತಲು ನೋಡಿದಿರಿ. ನೀವು ನೆಟ್ಟಗೆ ನಿಂತು, ನನ್ನನ್ನಲ್ಲ, ಬದ್ರಿ ಖಾನುಮ್ಮನ್ನು ನೋಡಿ ಹೇಳಿದಿರಿ: "ಅಮ್ಮಾ, ನನ್ನಿಂದ ಆಗಲ್ಲ. ಎರಡು ವರ್ಷ ಆಯ್ತು, ಸ್ಕೀ ಮಾಡಿಲ್ಲ. ಸೊಂಟ ಹೋಗಿದೆ. ಸುಮ್ನೆ ಹೊತ್ಕೊಂಡು ಓಡಾಡ್ತೀನಿ."

ಬದ್ರಿ ಖಾನುಮ್ ಎರಡು ಉಸಿರು ಸೇದಿ, ಮೂರನೆಯದರಲ್ಲಿ ಅಂದರು: "ಅಂತೂ... ನಮ್ಮ ಪಕ್ಷಕ್ಕೆ... ಬಂದ್ರಲ್ಲಪ್ಪ!"

ಆಮೇಲಿನದು ನಿಮಗೆ ಗೊತ್ತು. ಆದರೆ ನೀವು ಮುಂದಿದ್ದಿರಿ, ಹಿಂದಿನದು ಕಂಡಿಲ್ಲ. ಅದಕ್ಕೆ ಬರೆಯುತ್ತೇನೆ.

"ನಾನು ಇಳಿಯಕ್ಕಾಗಲ್ಲ, ಆದ್ರೆ ನನ್ನ ಸ್ಕೀ ಇಳೀತವೆ," ಎಂದು ನೀವು ಹೇಳಿದಾಗ ಯಾರಿಗೂ ಅರ್ಥವಾಗಲಿಲ್ಲ. ಚಹಾದ ಕೋಣೆಯ ಬೆಂಚಿನ ಹಲಗೆ ಬಿಚ್ಚಿಸಿ, ಎರಡು ಸ್ಕೀಗಳ ಮೇಲೆ ಅಡ್ಡ ಇಟ್ಟು ಕಟ್ಟಲು ಹೇಳಿದಿರಿ. ಚಿಕ್ಕವಳಿದ್ದಾಗ ಆ ಸ್ಕೀ ಮುಟ್ಟಿದ್ದಕ್ಕೆ ನನಗೆ ಬೈಗುಳ ಬಿದ್ದಿತ್ತು. ಸರ್ಕಿಸ್ ಗಡಿಯಾರ ಬಿಗಿಯುವ ಬೆರಳುಗಳಲ್ಲಿ ತಂತಿ ಸುತ್ತಿದರು. "ಉಸ್ತಾದ್, ಗೀರು ಬೀಳತ್ತೆ," ಅಂದರು. "ಬೀಳ್ಲಿ ಬಿಗಿ," ಅಂದಿರಿ. ರಜಾಯಿ ಹಾಸಿ ಬದ್ರಿ ಖಾನುಮ್ಮನ್ನು ಕೂರಿಸಿ ಕಟ್ಟಿದೆವು. ಹಿಂದಿನಿಂದ ಹಗ್ಗ ಹಿಡಿದು ತಡೆಯಲು ನಾಲ್ಕು ಜನ ಬೇಕು ಎಂದಿರಿ. ಯದುಲ್ಲಾ ಚಿಕ್ಕಪ್ಪ ಉಳಿದವರನ್ನು, ಕೇಬಲ್ಲಿನ ಯಂತ್ರವನ್ನು ಬಿಟ್ಟು ಬರುವಂತಿರಲಿಲ್ಲ. ನಾನು, ಸರ್ಕಿಸ್, ಮತ್ತೆ ಮೊಣಕಾಲಿಗೆ ಚಿಪ್ಪು ಹಾಕಿಸಿಕೊಂಡ ಇನ್ನಿಬ್ಬರು. ನಾನು ಬೇಡವೆಂದರೂ ಅವರು ಹಗ್ಗ ಬಿಡಲಿಲ್ಲ.

ಮಂಜಿನಲ್ಲಿ ನಿಮ್ಮ ಕೆಂಪು ಟೋಪಿ ಬಿಟ್ಟು ನಮಗೆ ಏನೂ ಕಾಣುತ್ತಿರಲಿಲ್ಲ. ಕೋಲಿನಿಂದ ಹಿಮ ಚುಚ್ಚಿ, ನಿಂತು, ಗಾಳಿ ಯಾವ ಕೆನ್ನೆಗೆ ಬಡಿಯುತ್ತದೆ ಎಂದು ನೋಡಿ, ಹಿಮದಡಿಯ ತೊರೆಯ ಸದ್ದಿಗೆ ಕಿವಿಗೊಟ್ಟು ನೀವು ಹೆಜ್ಜೆ ಇಡುತ್ತಿದ್ದಿರಿ. "ಎಳೀರಿ!" "ಬಿಡಿ!" "ನಿಲ್ಲಿ!" ಮೂರೇ ಮಾತು. ಸರ್ಕಿಸ್ ಹಲ್ಲು ಕಚ್ಚಿಕೊಂಡು ಅರ್ಮೇನಿಯನ್ ಭಾಷೆಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದರು. ಪ್ರಾರ್ಥನೆಯೆಂದು ನಾನು ತಿಳಿದಿದ್ದೆ. ಬೈಗುಳವಂತೆ.

ನೀವು ಎಡಗಾಲು ಮಡಚಿ ಬಿದ್ದಾಗ ನಾನು ಹಗ್ಗ ಬಿಟ್ಟು ಓಡಿ ಬರಲು ಹೊರಟೆ. "ಹಗ್ಗ ಹಿಡಿ! ನನ್ನ ಬಿಡು!" ಎಂದು ಗದರಿದಿರಿ. ಆಗ ನಾನು ನಿಂತಲ್ಲಿಂದಲೇ ಕೂಗಿದೆ, ದಿನಾ ಹತ್ತು ಜನಕ್ಕೆ ಹೇಳುವ ಮಾತನ್ನೇ: "ಅಪ್ಪಾ, ಇಳಿಯುವಾಗ ನೋವಿನ ಕಾಲು ಮೊದಲು! ಕೋಲು, ಆಮೇಲೆ ನೋವಿನ ಕಾಲು, ಆಮೇಲೆ ಒಳ್ಳೇದು!" ನೀವು ತಿರುಗಿ ನೋಡಲಿಲ್ಲ. ಆದರೆ ಎದ್ದು, ಕೋಲು ಊರಿ, ಎಡಗಾಲು ಮುಂದಿಟ್ಟಿರಿ. ನನಗೆ ನೆನಪಿರುವ ಮಟ್ಟಿಗೆ, ನೀವು ನನ್ನ ಮಾತು ಕೇಳಿದ್ದು ಅದೇ ಮೊದಲು.

ಒಂದು ಗಂಟೆ ಹತ್ತು ನಿಮಿಷ. ಕಲ್ಲುಮನೆಯ ಹತ್ತಿರ ಯಂತ್ರದ ದೀಪ ಕಂಡಾಗ ಬದ್ರಿ ಖಾನುಮ್ ಕಣ್ಣು ತೆರೆದು, "ಇಷ್ಟು ಬೇಗ ಬಂತಾ?" ಅಂದರು. ಆಮ್ಲಜನಕ ಹಾಕಿದ ಮೇಲೆ ಅವರ ತುಟಿಗೆ ಬಣ್ಣ ಬರುವ ತನಕ ನೀವು ಅವರ ಪಾದ ಉಜ್ಜುತ್ತಾ ಹಿಮದಲ್ಲಿ ಮೊಣಕಾಲೂರಿ ಕೂತಿದ್ದಿರಿ. ಮೇಲೆ ಉಳಿದವರನ್ನು ಸಂಜೆ ಕೇಬಲ್ ಮತ್ತೆ ಓಡಿದಾಗ ಯದುಲ್ಲಾ ಚಿಕ್ಕಪ್ಪ ಇಳಿಸಿದರು.

ಎಲ್ಲರೂ ನಿಮ್ಮನ್ನು ಹೊಗಳಿದರು. ನಾನು ಹೊಗಳುತ್ತಿಲ್ಲ. ಕ್ಷಮೆ ಕೇಳುತ್ತಿದ್ದೇನೆ. ಅಮ್ಮನ ವಿಷಯದಲ್ಲಿ ನಾನು ಹೇಳಿದ ಒಂದು ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಶುಕ್ರವಾರ ತುದಿಯಲ್ಲಿ ಆಡಿದ ಆ ಒಂದು ಮಾತನ್ನು ತೆಗೆದುಕೊಳ್ಳುತ್ತೇನೆ.

ನಿಮ್ಮ ಮಗಳು,
ಶೂಕಾ

*

ಸೆಫಿದ್‌ಚೆಶ್ಮೆ, ಎಸ್ಫಂದ್ ೬

ನನ್ನ ಶೂಕಾ ಜಾನ್,

ಕಾಗದ ಬಂದು ಹತ್ತು ದಿನವಾಯಿತು. ಒಂದು ವಿಷಯ ಪೂರ್ತಿ ತಿಳಿಯದೆ ಬರೆಯಬಾರದೆಂದು ಕಾದೆ.

ನಿನಗೆ ಗೊತ್ತಿತ್ತು ಎಂದು ನನಗೂ ಗೊತ್ತಿತ್ತು. ಮೆಟ್ಟಿಲ ಎದುರಿನ ಕಿಟಕಿಯ ಗಾಜಿನಲ್ಲಿ ನಿನ್ನ ಬಿಳಿ ತಲೆವಸ್ತ್ರ ಕಂಡಿತ್ತು. ಬೆಳಿಗ್ಗೆ ಸ್ಕೀ ಹೊತ್ತು ಬಂದದ್ದು ನಿನಗಾಗಿ, ನೀನು ಕಂಡದ್ದನ್ನು ಸುಳ್ಳು ಮಾಡಲು. ಸುಳ್ಳನ್ನು ಹೆಗಲ ಮೇಲೆ ಹೊತ್ತವನು ನಾನು. ನೀನು ಅದನ್ನು ಇಳಿಸು ಎಂದೆ, ಅಷ್ಟೇ. ಇಳಿಸುವ ರೀತಿ ಇನ್ನೊಂದಿತ್ತು, ನಿಜ. ಆದರೆ ಬೇರೆ ರೀತಿಯಲ್ಲಿ ಕೇಳಿದ್ದರೆ ನಾನು ಇಳಿಸುತ್ತಿದ್ದೆನೋ ಇಲ್ಲವೋ. ಈ ಲೆಕ್ಕ ಇಲ್ಲಿಗೆ ಬಿಡೋಣ.

ನೌರೂಜ್ ಆದ ಮೇಲೆ ಫರ್ವರ್ದಿನ್ ೨೦ಕ್ಕೆ ಟೆಹರಾನಿಗೆ ಬರುತ್ತೇನೆ. ಸೊಂಟ ಕೊಯ್ಯಿಸಿಕೊಳ್ಳುತ್ತೇನೆ. ನೀನು ಹೇಳಿದ್ದಕ್ಕೆ ಅಂತ ತಿಳಿಯಬೇಡ. ಸರ್ಕಿಸ್ ಕಾಗದ ಬರೆದಿದ್ದಾನೆ: "ಉಸ್ತಾದ್, ಕಂಬಿಯ ಹತ್ತಿರ ನಿಮಗೊಂದು ಜಾಗ ಹಿಡಿದಿದ್ದೇನೆ, ಬೇಗ ಬನ್ನಿ, ಇಲ್ಲಿ ತುಂಬಾ ಜನ ಮುದುಕರಿದ್ದಾರೆ." ಆ ಗಡಿಯಾರದವನಿಗಿಂತ ಮೊದಲು ನಾನು ಕೋಲು ಬಿಡುತ್ತೇನೆ. ನೋಡುತ್ತಿರು.

ಈಗ ನಾನು ಕಾದ ವಿಷಯ.

ನೀವು ಹೋದ ಮೇಲೆ ಮರುವಾರ ಯದುಲ್ಲಾ ಬಂದ, ಸ್ಕೀ ವಾಪಸು ಕೊಡಲು. ಮರದಲ್ಲಿ ತಂತಿಯ ಗುರುತು ಆಳವಾಗಿ ಕೂತಿದೆ. ಚಹಾ ಕೊಟ್ಟೆ. ಅವನು ಸಕ್ಕರೆ ತುಂಡನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಗ್ಲಾಸು ಪೂರ್ತಿ ಖಾಲಿ ಮಾಡಿದ.

"ಉಸ್ತಾದ್," ಅಂದ, "ಅವತ್ತು ಎಲ್ರೆದುರು ನೀವು ನಿಜ ಹೇಳಿದ್ರಿ. ನಾನೂ ಒಂದು ಹೇಳ್ಬೇಕು. ಬೈಯಂಗಿಲ್ಲ."

"ಬೈಯೋದೋ ಬಿಡೋದೋ ಕೇಳಿದ ಮೇಲೆ. ಹೇಳು."

"ಫರ್ಖುಂದೆ ಖಾನುಮ್ ತುದಿಗೆ ಬಂದಿದ್ರು."

ನನಗೆ ಕೇಳಿಸಲಿಲ್ಲ ಅಂದುಕೊಂಡು ಅವನು ಇನ್ನೊಮ್ಮೆ ಹೇಳಿದ. ನಾನು, ಯಾವಾಗ ಎಂದೆ.

"ಒಂದ್ಸಲ ಅಲ್ಲ. ಹನ್ನೆರಡು ಹದಿಮೂರು ಸಲ. ನೀವು ತಂಡ ಕರ್ಕೊಂಡು ಬೇರೆ ಊರಿಗೆ ಹೋಗ್ತಿದ್ರಲ್ಲ, ಆವಾಗ. ವಾರದ ಮಧ್ಯ, ಜನ ಇಲ್ಲದಾಗ. ಮಗಳು ಶಾಲೆಗೆ ಹೋದ ಮೇಲೆ ಬರೋರು. ಒಂದು ಡಬ್ಬೀಲಿ ಒಬ್ರೇ ಕೂತು ಬರೋರು, ಅಡುಗೆ ಮಾಡೋ ಏಪ್ರನ್ ಹಾಗೇ ಇರ್ತಿತ್ತು. ಒಂದು ಗ್ಲಾಸ್ ಚಹಾ ಕುಡ್ದು, ಅರ್ಧ ಗಂಟೆ ಕೂತು, ಇಳ್ದು ಹೋಗೋರು."

ಶೂಕಾ, ನಾನು ಸಿಟ್ಟಿನಲ್ಲಿ ಗ್ಲಾಸನ್ನು ಎಷ್ಟು ಗಟ್ಟಿಯಾಗಿ ಹಿಡಿದೆನೆಂದರೆ ಅಂಗೈ ಸುಟ್ಟಿತು. "ನಿನಗೆ ನನಗೊಂದು ಮಾತು ಹೇಳಬೇಕು ಅನ್ನಿಸ್ಲಿಲ್ವೇನೋ? ಇಪ್ಪತ್ತು ವರ್ಷ ನನ್ನ ಉಪ್ಪು ತಿಂದೆಯಲ್ಲೋ!" ಅಂದೆ.

"ಅವರೇ ಬೇಡ ಅಂದಿದ್ರು," ಅಂದ. "ಮೊದಲನೇ ದಿನಾನೇ ಕುರಾನಿನ ಮೇಲೆ ಆಣೆ ತಗೊಂಡ್ರು. 'ಯದುಲ್ಲಾ, ಅವರು ಕರ್ಕೊಂಡ್ ಬರ್ತೀನಿ ಅಂತ ಮಾತು ಕೊಟ್ಟಿದಾರೆ. ಒಂದಲ್ಲ ಒಂದು ದಿನ ಕರ್ಕೊಂಡ್ ಬರ್ತಾರೆ. ಆವತ್ತು ನಾನು ಮೊದಲನೇ ಸಲ ನೋಡ್ತಾ ಇರೋಳ ಹಾಗೆ ಬೆರಗಾಗ್ಬೇಕು. ನೀನು ಬಾಯಿ ಬಿಟ್ರೆ ಅವರ ಮಾತು ಕೆಟ್ಟುಹೋಗತ್ತೆ' ಅಂದಿದ್ರು. ಅವರು ತೀರ್ಕೊಂಡ ಮೇಲೆ ಹೇಳೋಣ ಅಂದ್ಕೊಂಡೆ. ನಿಮ್ಮ ಮುಖ ನೋಡಿ ಧೈರ್ಯ ಬರ್ಲಿಲ್ಲ."

ಅವನು ಹೋದ ಮೇಲೆ ಎರಡು ದಿನ ಅದನ್ನೇ ನೆನೆಸುತ್ತಿದ್ದೆ. ಮೊದಲು ಅವಳ ಮೇಲೆ ಸಿಟ್ಟು ಬಂತು. ಆಮೇಲೆ ಯದುಲ್ಲಾನ ಮೇಲೆ. ಆಮೇಲೆ ಯಾರ ಮೇಲೂ ಉಳಿಯಲಿಲ್ಲ. ಮೂರನೆಯ ದಿನ ಬ್ರೆಡ್ಡು ಮುರಿಯುತ್ತಾ ಒಬ್ಬನೇ ನಕ್ಕುಬಿಟ್ಟೆ. ಆರು ವರ್ಷ ನೀನು ನನ್ನನ್ನು ಶಿಕ್ಷಿಸಿದೆ. ಆರು ವರ್ಷ ನಾನೂ ನನ್ನನ್ನು ಶಿಕ್ಷಿಸಿಕೊಂಡೆ, ಅದನ್ನು ನೀನು ನಂಬಿದರೆ ನಂಬು. ಆ ಹೆಂಗಸು ಮಾತ್ರ ನಮ್ಮಿಬ್ಬರಿಗೂ ಹೇಳದೆ, ಏಪ್ರನ್ ಕಟ್ಟಿಕೊಂಡು ಹೋಗಿ ಚಹಾ ಕುಡಿದು ಬಂದಿದ್ದಳು.

ಇದರಿಂದ ನನ್ನ ತಪ್ಪು ಕಡಿಮೆಯಾಯಿತೆಂದು ನಾನು ಬರೆಯುತ್ತಿಲ್ಲ. ಹೆಚ್ಚೇ ಆಯಿತು. ಅವಳು ಬೆರಗಾಗಲು ತಯಾರಾಗಿ ಕಾದಿದ್ದಳು. ನಾನು ಒಂದು ಟಿಕೆಟ್ಟನ್ನೂ ಕೊಳ್ಳಲಿಲ್ಲ. ಆದರೆ ಅವಳು ಕಿಟಕಿಯಿಂದ ನೋಡುತ್ತಲೇ ತೀರಿಹೋದಳು ಎಂಬಂತೆ ನೀನು ಬರೆದಿದ್ದೆಯಲ್ಲ, ಅದು ಹಾಗಲ್ಲ. ನಿನ್ನ ಅಮ್ಮನನ್ನು ನೀನು ಅಷ್ಟು ಬಡಪಾಯಿ ಎಂದುಕೊಳ್ಳಬೇಡ. ನಾನೂ ಅಂದುಕೊಳ್ಳುವುದಿಲ್ಲ.

ನಿನ್ನೆ ನಾನು ಡಬ್ಬಿಯಲ್ಲಿ ತುದಿಗೆ ಹೋದೆ. ಸ್ಕೀ ಒಯ್ಯಲಿಲ್ಲ, ಕೋಲು ಒಯ್ದೆ. ಊರಿನ ಇಬ್ಬರು ನೋಡಿದರು, ಒಬ್ಬ ನಕ್ಕ. ಯದುಲ್ಲಾನನ್ನು ಕೇಳಿದೆ, ಅವಳು ಎಲ್ಲಿ ಕೂರುತ್ತಿದ್ದಳು ಎಂದು. ನಾನು ಇಳಿಯುತ್ತಿದ್ದ ಇಳಿಜಾರು ಕಾಣುವ ಕಡೆ ಇರಬೇಕೆಂದು ನನ್ನ ಎಣಿಕೆ. ಅವನು ನನ್ನನ್ನು ಕೋಣೆಯ ಹಿಂಬದಿಗೆ ಕರೆದುಕೊಂಡು ಹೋದ. ಅಲ್ಲಿ ಸೌದೆ ಪೇರಿಸಿದ ಗೋಡೆಯ ಪಕ್ಕ ಒಂದು ಮರದ ಪೆಟ್ಟಿಗೆ. ಅಲ್ಲಿಂದ ಇಳಿಜಾರು ಕಾಣುವುದೇ ಇಲ್ಲ. ಉತ್ತರದ ಕಡೆಗೆ ಬೆಟ್ಟದ ಮೇಲೆ ಬೆಟ್ಟ, ಅದರಾಚೆ ತಗ್ಗಿನಲ್ಲಿ, ರಷ್ತ್ ಇರುವ ಗೀಲಾನಿನ ಮೋಡ. "ಆ ಮೋಡದ ಕೆಳಗೆ ನಮ್ಮೂರು. ಈಗ ಅಲ್ಲಿ ಮಳೆ ಹುಯ್ತಾ ಇರತ್ತೆ ಅಂತ ಹೇಳೋರು," ಅಂದ.

ನಲವತ್ತಮೂರು ವರ್ಷ ನಾನು ಆ ತುದಿಯಲ್ಲಿ ನಿಂತು ದಕ್ಷಿಣಕ್ಕೆ, ಇಳಿಯುವ ದಾರಿಯನ್ನೇ ನೋಡಿದ್ದೇನೆ. ಹಿಂದಕ್ಕೆ ತಿರುಗಿದವನೇ ಅಲ್ಲ.

ಪೆಟ್ಟಿಗೆಯ ಮೇಲೆ ಕೂತೆ. ನಿನ್ನೆ ಆ ಕಡೆಯೆಲ್ಲ ಮಂಜು, ಏನೂ ಕಾಣುತ್ತಿರಲಿಲ್ಲ. ಯದುಲ್ಲಾ ಎರಡು ಗ್ಲಾಸು ಚಹಾ ತಂದ. ಮಂಜು ಸರಿಯುವ ತನಕ ನಾವು ಅಲ್ಲೇ ಕೂತಿದ್ದೆವು.

ನಿನ್ನ ಅಪ್ಪ,
ನೊಸ್ರತ್